ಒಳಗಿನ ತೋಳ, ಗುಡ್ಡದ ತೋಳ

ಮನುಷ್ಯರಾಗಿ ಹುಟ್ಟಿಯೂ ತಮ್ಮ ಅಂತರಂಗವು ಒಂದು ಪ್ರಾಣಿಯದೆಂದು ಭಾವಿಸುವವರು ಜಗತ್ತಿನಲ್ಲಿದ್ದಾರೆ. ಒಬ್ಬನು ತಾನು ತೋಳನೆನ್ನುತ್ತಾನೆ. ಇನ್ನೊಬ್ಬಳು ತಾನು ಹಕ್ಕಿಯೆನ್ನುತ್ತಾಳೆ. ಇಂಥವರನ್ನು ಪಾಶ್ಚಾತ್ಯ ದೇಶಗಳಲ್ಲಿ 'ಥೇರಿಯನ್' ಎಂದು ಕರೆಯುವುದುಂಟು. ಮೃಗವೆಂಬ ಅರ್ಥವುಳ್ಳ ಗ್ರೀಕ್ ಶಬ್ದದಿಂದ ಬಂದ ಹೆಸರಿದು. ತಮ್ಮ ದೇಹ ಮನುಷ್ಯ ದೇಹವೇ ಎಂಬುದನ್ನು ಇವರು ಚೆನ್ನಾಗಿ ಬಲ್ಲರು. ಮನಸ್ಸಿನ ಒಲವು ಮಾತ್ರ ಆ ಪ್ರಾಣಿಯ ಕಡೆಗೆ ಬಲವಾಗಿ ಎಳೆಯುತ್ತಿರುತ್ತದೆ. ಈ ಮಾತು ಇಂದಲ್ಲ ನಾಳೆ ನಮ್ಮ ಮನೆಗಳ ಪಡಸಾಲೆಯಲ್ಲಿಯೂ ಕೇಳಿಬರಬಹುದು.

ಬೆಳೆಯುತ್ತಿರುವ ಮಗನೋ ಮಗಳೋ "ನನ್ನೊಳಗೆ ಒಂದು ತೋಳ ಇದೆ" ಎಂದರೆ ಹಿರಿಯರು ಸಾಮಾನ್ಯವಾಗಿ ನಗುತ್ತಾರೆ, ಇಲ್ಲವೆ ಗದರುತ್ತಾರೆ. ನಕ್ಕರೆ ಮಗು ಮುಂದೆ ಮನಸ್ಸು ಬಿಚ್ಚುವುದಿಲ್ಲ. ಗದರಿದರೆ ಹಟ ಹಿಡಿಯುತ್ತದೆ. ಇವೆರಡನ್ನೂ ಬಿಟ್ಟು, "ತೋಳ ಹೆಂಗ ಬಾಳತೈತಿ, ನಿನಗೆಷ್ಟು ಗೊತ್ತೈತಿ ಹೇಳು ನೋಡೋಣ" ಎಂದು ಪಕ್ಕದಲ್ಲಿ ಕೂರಿಸಿಕೊಂಡು ಕೇಳುವುದು ಲೇಸೆಂದು ನಮ್ಮ ಅಭಿಪ್ರಾಯ. ಆ ಪ್ರಶ್ನೆಯಿಂದ ಕಲಿಕೆ ಆರಂಭವಾಗುತ್ತದೆ.

ಪ್ರಾಣಿಯೊಡನೆ ತನ್ನನ್ನು ಗುರುತಿಸಿಕೊಳ್ಳುವುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. ನಮ್ಮ ಲಕ್ಷ್ಮೇಶ್ವರದ ಹಳೆಯ ಹೆಸರೇ ಪುಲಿಗೆರೆ, ಅಂದರೆ ಹುಲಿಯ ಕೆರೆ. ಆದಿಕವಿ ಪಂಪನು ತನ್ನ ಕಾವ್ಯದ ಕನ್ನಡಕ್ಕೆ ಆಧಾರವಾಗಿ ಹೆಸರಿಸಿದ್ದು ಈ ಊರನ್ನೇ. ಕರ್ನಾಟಕದ ಅನೇಕ ಸಮುದಾಯಗಳಲ್ಲಿ ಪ್ರಾಣಿಗಳ ಹೆಸರಿನ ಬೆಡಗು, ಬಳಿಗಳಿವೆ. ಉತ್ತರ ಕರ್ನಾಟಕದಲ್ಲಿ ಮೊಹರಂ ಬಂತೆಂದರೆ ಹರಕೆ ಹೊತ್ತವರು ಮೈಗೆ ಬಣ್ಣ ಬಳಿದುಕೊಂಡು ಹಲಗೆಯ ಬಡಿತಕ್ಕೆ ಹುಲಿಯಾಗಿ ಕುಣಿಯುತ್ತಾರೆ. ಆದರೆ ವೇಷದ ಹುಲಿಗೂ ಕಾಡಿನ ಹುಲಿಗೂ ಎಷ್ಟು ಅಂತರ! ವೇಷದ ಹುಲಿ ಜನರ ನಡುವೆ ಅಬ್ಬರಿಸುತ್ತದೆ. ಕಾಡಿನ ಹುಲಿ ಒಂಟಿಯಾಗಿ, ಸದ್ದಿಲ್ಲದೆ, ಜನರ ಕಣ್ಣು ತಪ್ಪಿಸಿ ನಡೆಯುತ್ತದೆ. ವೇಷವನ್ನು ಸಂಜೆಗೆ ತೊಳೆದುಕೊಳ್ಳಬಹುದು. ಆ ಪ್ರಾಣಿಯೇ ತಾನೆಂದು ನಂಬಿದವನಿಗೆ ಈ ಅಂತರವನ್ನು ಅರಿಯುವುದು ಹೆಚ್ಚು ಅಗತ್ಯ.

ತೋಳದ ಮಾತನ್ನೇ ತೆಗೆದುಕೊಳ್ಳೋಣ. ತೋಳಗಳ ಹಿಂಡಿನಲ್ಲಿ ಬಲಿಷ್ಠನೊಬ್ಬನು ಉಳಿದವರನ್ನು ಕಚ್ಚಿ ಸೋಲಿಸಿ ಒಡೆಯನಾಗುತ್ತಾನೆಂದು ಬಹುಜನರ ತಿಳಿವಳಿಕೆ. ಅವನಿಗೆ 'ಆಲ್ಫಾ' ಎಂಬ ಬಿರುದೂ ಉಂಟು. ಹರೆಯದ ಹುಡುಗರಿಗೆ ಈ ಚಿತ್ರ ಬಹಳ ಹಿಡಿಸುತ್ತದೆ. ಇದರ ಮೂಲವನ್ನು ಹುಡುಕಿದರೆ 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ಸ್ವಿಸ್ ವಿದ್ವಾಂಸರು ಪ್ರಕಟಿಸಿದ ಅಧ್ಯಯನ ಸಿಗುತ್ತದೆ. ಅವರು ನೋಡಿದ್ದು ಮೃಗಾಲಯದಲ್ಲಿ ಒಟ್ಟಿಗೆ ಕೂಡಿಹಾಕಿದ ತೋಳಗಳನ್ನು. ಅಮೆರಿಕದ ಡೇವಿಡ್ ಮೆಕ್ 1970ರಲ್ಲಿ ಬರೆದ ಪುಸ್ತಕದಿಂದ ಆ ಕಲ್ಪನೆ ಎಲ್ಲೆಡೆ ಹಬ್ಬಿತು. ಮುಂದೆ ಅದೇ ಮೆಕ್ ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ 1986ರಿಂದ 1998ರವರೆಗೆ ಪ್ರತಿ ಬೇಸಿಗೆಯಲ್ಲಿ ಸ್ವತಂತ್ರ ತೋಳಗಳನ್ನು ಹತ್ತಿರದಿಂದ ಕಂಡು, 1999ರಲ್ಲಿ ಆ ಕಲ್ಪನೆಯನ್ನು ತಿದ್ದಿದರು. ಕಾಡಿನ ಹಿಂಡು ಸಾಮಾನ್ಯವಾಗಿ ಒಂದು ಸಂಸಾರ. ಮುಂದಾಳುಗಳೆಂದರೆ ತಾಯಿ ಮತ್ತು ತಂದೆ. ಹಿಂಬಾಲಿಸುವವರು ಅವರ ಮಕ್ಕಳು. ಬೇಟೆಯಿಂದ ಮರಳಿದ ಹಿರಿಯ ತೋಳಗಳು ನುಂಗಿ ತಂದ ಮಾಂಸವನ್ನು ಮರಿಗಳಿಗೆ ಕಕ್ಕಿ ಉಣಿಸುತ್ತವೆ. ಹಿಂದಿನ ಸೂಲಿನ ಅಣ್ಣ ಅಕ್ಕಂದಿರೂ ಮರಿಗಳ ಪಾಲನೆಯಲ್ಲಿ ಕೈಗೂಡಿಸುತ್ತಾರೆ.

ಓದುಗ ಬಂಧುಗಳು ಇಲ್ಲಿ ಕ್ಷಣಕಾಲ ಯೋಚಿಸಬೇಕು. ತೋಳನಾಗುವುದೆಂದರೆ ಎಲ್ಲರ ಮೇಲೆ ಗುರುಗುಟ್ಟುವುದೆಂದು ತಿಳಿದಿದ್ದ ಹುಡುಗನಿಗೆ, ತೋಳನಾಗುವುದೆಂದರೆ ತಮ್ಮ ತಂಗಿಯರನ್ನು ಕಾಯುವುದೆಂದು ತಿಳಿದರೆ ಅವನ ಗುರುತು ಅಳಿಯುವುದಿಲ್ಲ; ಆಳವಾಗುತ್ತದೆ. ಅವನ ಒಲವಿಗೆ ಒಂದು ಹೊಣೆಯೂ ಸೇರುತ್ತದೆ.

ಇದನ್ನು ಕಲಿಯಲು ನಮ್ಮ ಮಕ್ಕಳು ಕೆನಡಾಕ್ಕೆ ಹೋಗಬೇಕಾಗಿಲ್ಲ. 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ನಮ್ಮ ಕಪ್ಪತಗುಡ್ಡದಲ್ಲಿ ತೋಳ, ಕತ್ತೆಕಿರುಬ, ಚಿರತೆಗಳಿವೆ. ನಮ್ಮ ತೋಳ ದಟ್ಟ ಕಾಡನ್ನು ಬಯಸುವುದಿಲ್ಲ. ಹುಲ್ಲು, ಕುರುಚಲು, ಬಯಲೇ ಅದರ ಮನೆ. ಅಂಥ ನೆಲವನ್ನು ನಾವು ಬಂಜರೆಂದು ಕರೆದು ಉಳುವುದರಿಂದಲೂ ಅಗೆಯುವುದರಿಂದಲೂ ಅದು ನೆಲೆ ಕಳೆದುಕೊಳ್ಳುತ್ತಿದೆ. ಕುರಿ ಕಳೆದುಕೊಂಡ ಕುರಿಗಾಹಿಯ ದುಃಖವೂ ಸುಳ್ಳಲ್ಲ. ತೋಳವನ್ನು ಪ್ರೀತಿಸುವವನು ಕುರಿಗಾಹಿಯ ಹಟ್ಟಿಯಲ್ಲಿಯೂ ಕುಳಿತು ಕೇಳಬೇಕು. ತೋಳದ ನಡೆಯನ್ನು ಬಲ್ಲ ಹಿರಿಯರು ಅಲ್ಲಿದ್ದಾರೆ.

ಹಕ್ಕಿಯ ಒಲವುಳ್ಳವರಿಗೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯೇ ಪಾಠಶಾಲೆ. 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿದ ಈ ಕೆರೆಗೆ ಪ್ರತಿ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಸಾವಿರಾರು ಸಂಖ್ಯೆಯಲ್ಲಿ ಬರುತ್ತವೆ. ಬಿಳಿಯ ತಲೆಯ ಮೇಲೆ ಎರಡು ಕಪ್ಪು ಪಟ್ಟೆಗಳಿಂದ ಇವನ್ನು ಗುರುತಿಸಬಹುದು. ಇವು ಒಮ್ಮೆ ಮೇಲೇರಿ ಶಿಖರಗಳ ಎತ್ತರದಲ್ಲಿಯೇ ಒಂದೇ ಸಮನೆ ಹಾರುತ್ತವೆಂದು ಊಹಿಸುವುದು ಸಹಜ. 2015ರಲ್ಲಿ ಪ್ರಕಟವಾದ ಸಂಶೋಧನೆ ಬೇರೆಯದನ್ನೇ ಹೇಳಿತು. ಅವು ಬೆಟ್ಟ ಕಣಿವೆಗಳ ಏರಿಳಿತವನ್ನೇ ಅನುಸರಿಸಿ, ಗಳಿಸಿದ ಎತ್ತರವನ್ನು ಬಿಟ್ಟುಕೊಟ್ಟು ಮತ್ತೆ ಏರುತ್ತವೆ. ಮೇಲಿನ ತೆಳುಗಾಳಿಯಲ್ಲಿ ರೆಕ್ಕೆ ಬಡಿಯುವ ಶ್ರಮ ಹೆಚ್ಚಾದ್ದರಿಂದ ಇಳಿದು ಏರುವುದೇ ಅವಕ್ಕೆ ಮಿತವ್ಯಯ. ಹಕ್ಕಿಯಾಗಬಯಸುವ ಹುಡುಗಿಗೆ ಇದಕ್ಕಿಂತ ಒಳ್ಳೆಯ ಬುದ್ಧಿಮಾತನ್ನು ನಾವು ಹೇಳಲಾರೆವು.

ತಂದೆತಾಯಿಗಳು ಮಾಡಬೇಕಾದುದು ಇಷ್ಟೇ. ಮಗುವಿಗೆ ಒಂದು ನೋಟುಬುಕ್ಕು, ಸಾಧ್ಯವಾದರೆ ಒಂದು ದುರ್ಬೀನು ಕೊಡಿಸಿರಿ. ಚಳಿಗಾಲದ ಒಂದು ಮುಂಜಾನೆ ಕೆರೆಯ ದಂಡೆಗೆ ಜೊತೆಯಲ್ಲಿ ಹೋಗಿರಿ. ಕಂಡದ್ದನ್ನು ಕಂಡಂತೆಯೇ ಬರೆಯಿಸಿರಿ. ಎಷ್ಟು ಹೊತ್ತಿಗೆ ಬಂದವು, ಏನು ತಿಂದವು, ಯಾವುದಕ್ಕೆ ಬೆದರಿದವು ಎಂದು. ತೋಳದ ಗವಿಯ ಹತ್ತಿರ ಸುಳಿಯಬಾರದು, ಮರಿಗಳನ್ನು ಮುಟ್ಟಬಾರದು, ಗುಡ್ಡಕ್ಕೆ ಒಬ್ಬರೇ ಹೋಗಬಾರದು. ತೋಳವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ ಎಂಬುದನ್ನೂ ಮಗು ಅರಿತಿರಲಿ.

ಮಗು ಊಟ ನಿದ್ದೆ ಬಿಟ್ಟರೆ, ಯಾರೊಡನೆಯೂ ಬೆರೆಯದೆ ಕೊರಗಿದರೆ, ದೇಹವೇ ಮಾರ್ಪಟ್ಟಿತೆಂದು ನಿಜವಾಗಿ ನಂಬಿದರೆ, ಆಗ ಸಂಕೋಚಪಡದೆ ಮನೋವೈದ್ಯರನ್ನು ಕಾಣಬೇಕು. ಉಳಿದಂತೆ ಅಂಜಬೇಕಾದುದು ಏನೂ ಇಲ್ಲ.

ತೋಳ ಬದುಕಿಗೆ ಮನುಷ್ಯನ ಅನುಕರಣೆ ಬೇಕಿಲ್ಲ. ಅದಕ್ಕೆ ಬೇಕಾದುದು ಒಂದಿಷ್ಟು ಹುಲ್ಲುಗಾವಲು. ಪುಲಿಗೆರೆಯಲ್ಲಿ ಇಂದು ಹುಲಿಯಿಲ್ಲ, ಹೆಸರು ಮಾತ್ರ ಉಳಿದಿದೆ. ಕಪ್ಪತಗುಡ್ಡದ ತೋಳಕ್ಕೂ ಆ ಗತಿ ಬಾರದಿರಬೇಕಾದರೆ, ಅದನ್ನು ತನ್ನವನೆಂದು ಭಾವಿಸುವ ಮಕ್ಕಳು ನಮ್ಮ ಮನೆಗಳಲ್ಲಿ ಬೆಳೆಯಲಿ.