ಟೆಸ್ಟಿಂಗ್ ಮಾಡೋಕೆ ಗಿರಾಕಿನೇ ಸಿಕ್ಕಿದ್ನಾ?

"ನಮ್ಮದು ಸಣ್ಣ ಕಂಪನಿ ಗುರು, ಒಂದೇ ಎನ್ವಿರಾನ್ಮೆಂಟ್ ಸಾಕು." ಈ ಮಾತನ್ನ ಎಷ್ಟು ಮೀಟಿಂಗ್‌ಗಳಲ್ಲಿ ಕೇಳಿದ್ದೀನೋ ಲೆಕ್ಕ ಇಲ್ಲ. ಹೇಳುವವರು ಇದನ್ನ ಉಳಿತಾಯ ಅಂತಾರೆ. ನಾನು ಇದನ್ನ ಕಂಪನಿಯ ಖರ್ಚನ್ನ ಗಿರಾಕಿಯ ತಲೆಗೆ ಕಟ್ಟೋದು ಅಂತೀನಿ.

ಐಟಿಯವರಲ್ಲದವರಿಗೆ ಎರಡು ಮಾತು. ಗಿರಾಕಿ ದಿನಾ ಬಳಸೋ ಅಸಲಿ ಸಿಸ್ಟಂ ಲೈವ್. ಬದಲಾವಣೆಗಳನ್ನ ಮೊದಲು ಹಾಕಿ ನೋಡೋಕೆ ಇಟ್ಟುಕೊಳ್ಳೋ ಅದರ ನಕಲು ಟೆಸ್ಟ್. ಒಂದೇ ಇದ್ದರೆ ರಿಪೇರಿನೂ ಅಲ್ಲೇ, ವ್ಯಾಪಾರನೂ ಅಲ್ಲೇ.

ನಮ್ಮೂರ ಕಡೆಯದೇ ಉದಾಹರಣೆ ತಗೊಳ್ಳಿ. ಮೈಸೂರಿಂದ ಹುಣಸೂರಿಗೆ ಹೋಗುವಾಗ ಹಾಸನದ ರಸ್ತೆ ಕವಲೊಡೆಯೋದು ಬಿಳಿಕೆರೆಯಲ್ಲಿ. ಅಲ್ಲೊಬ್ಬರು ಗೊಬ್ಬರ, ಪೈಪು, ಸ್ಪ್ರಿಂಕ್ಲರ್ ಅಂಗಡಿ ಇಟ್ಟಿದ್ದಾರೆ ಅಂದ್ಕೊಳ್ಳಿ. ವ್ಯಾಪಾರ ಕುದುರಿ ಹುಣಸೂರು, ಕೆ.ಆರ್. ನಗರ, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗೂ ಬ್ರಾಂಚ್ ಆಯ್ತು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾಯ್ತಲ್ಲ, ಹನಿ ನೀರಾವರಿ ಮತ್ತು ಸ್ಪ್ರಿಂಕ್ಲರ್ ಸೆಟ್‌ಗಳಿಗೆ ಶೇ. 12 ಇದ್ದದ್ದು ಶೇ. 5ಕ್ಕೆ ಇಳೀತು. ಕೇಳೋಕೆ ಒಂದು ನಂಬರ್ ತಿದ್ದೋ ಕೆಲಸ. ಆದರೆ ಹಿಂದಿನ ವಾರ ಕೊಂಡದ್ದು ವಾಪಸ್ ಬಂದರೆ ಹಳೇ ದರದಲ್ಲೇ ಲೆಕ್ಕ ಆಗಬೇಕು. ಹಳೇ ಬಿಲ್ಲಿನ ಪ್ರಿಂಟ್ ಮತ್ತೆ ತೆಗೆದರೆ ಹಳೇ ತೆರಿಗೆಯೇ ಬರಬೇಕು. ಒಂದೇ ಸಿಸ್ಟಂ ಇರೋನು ಇದನ್ನೆಲ್ಲ ಎಲ್ಲಿ ಪರೀಕ್ಷೆ ಮಾಡ್ತಾನೆ? ಕೌಂಟರಲ್ಲಿ, ರೈತನ ಮೇಲೆ. 1 ಲಕ್ಷದ ಸಾಮಾನಿಗೆ 7 ಸಾವಿರ ವ್ಯತ್ಯಾಸ ಸ್ವಾಮಿ!

ಒಂದು ಕಾಲದಲ್ಲಿ ಸರ್ವರ್ ಅಂದ್ರೆ ಹೋಟೆಲಲ್ಲಿ ದೋಸೆ ತರೋನು. ಈಗ ಹಳ್ಳಿಯ ಅಜ್ಜಿಗೂ "ಸರ್ವರ್ ಇಲ್ಲ, ನಾಳೆ ಬನ್ನಿ" ಅನ್ನೋದರ ಅರ್ಥ ಗೊತ್ತು. ನಮಗೆ ಅದು ಡೌನ್‌ಟೈಮ್. ಆಕೆಗೆ ಒಂದು ದಿನದ ಕೂಲಿ, ಹೋಗಿ ಬರೋ ಬಸ್ ಚಾರ್ಜು. ಇದು ನಮ್ಮ ಡ್ಯಾಶ್‌ಬೋರ್ಡಲ್ಲಿ ಎಲ್ಲೂ ಕಾಣಲ್ಲ.

ಇಲ್ಲಿ ಬಹಳ ಜನ ಎರಡು ವಿಷಯ ಕಲಸಿಹಾಕ್ತಾರೆ. ಐದು ಬ್ರಾಂಚಿಗೆ ಐದು ಲೈವ್ ಸಿಸ್ಟಂ ಬೇಕು ಅಂತ ನಾನು ಹೇಳ್ತಿಲ್ಲ. ಹಾಗೆ ಮಾಡಿದರೆ ಹುಣಸೂರಿನ ಗೋಡೌನಲ್ಲಿ ಎಷ್ಟು ಮೂಟೆ ಇದೆ ಅಂತ ಕೋಟೆಯವರು ಫೋನ್ ಮಾಡಿ ಕೇಳಬೇಕು. ಬ್ರಾಂಚ್ ಎಷ್ಟಾದರೂ ಲೈವ್ ಒಂದೇ ಇರಲಿ. ಅದರ ಪಕ್ಕದಲ್ಲಿ ಪರೀಕ್ಷೆಗೆ ಅಂತ ಇನ್ನೊಂದು ಇರಲಿ.

ಬಿಇ ಓದಿದ ನಮಗೆ ಕಷ್ಟವಾಗಿರೋ ಈ ವಿಷಯ ಹೊಲದಲ್ಲಿರೋರಿಗೆ ಯಾವತ್ತೋ ಗೊತ್ತು. ಭತ್ತಕ್ಕಾಗಲಿ ಹೊಗೆಸೊಪ್ಪಿಗಾಗಲಿ ಮೊದಲು ಒಟ್ಲು ಹಾಕ್ತಾರೆ, ಗಟ್ಟಿಯಾದ ಸಸಿ ಆರಿಸಿ ಆಮೇಲೆ ನಾಟಿ. ಹೊಸ ತಳಿ ಬಂದರೆ ಮೊದಲು ನಾಲ್ಕು ಗುಂಟೆಗೆ ಹಾಕಿ ನೋಡ್ತಾರೆ. ಇಡೀ ಜಮೀನಿಗೆ ಒಂದೇ ಸಲ ಸುರಿಯೋನನ್ನ ಊರಲ್ಲಿ ಸ್ಟಾರ್ಟಪ್ ಫೌಂಡರ್ ಅನ್ನಲ್ಲ, ಬೇರೆ ಏನೋ ಅಂತಾರೆ.

ಸರ್ಕಾರದ ಕೆಲಸವನ್ನ ಬೈಯೋದು ಸುಲಭ. ಆದರೆ ಭೂಮಿ ಯೋಜನೆ ನೋಡಿ. ಸುಮಾರು 2 ಕೋಟಿ ಪಹಣಿ, 67 ಲಕ್ಷ ರೈತರ ದಾಖಲೆ. ಮೊದಲು ಕೆಲವೇ ತಾಲ್ಲೂಕುಗಳಲ್ಲಿ ಪ್ರಯೋಗ ಮಾಡಿ, ಆಮೇಲೆ 177 ತಾಲ್ಲೂಕುಗಳಿಗೆ ಹಬ್ಬಿಸಿದರು. ಇಪ್ಪತ್ತೈದು ವರ್ಷದ ಹಿಂದೆ ಕಂದಾಯ ಇಲಾಖೆಗೆ ಇದ್ದ ತಾಳ್ಮೆ ಇವತ್ತು ಎಚ್‌ಎಸ್‌ಆರ್ ಲೇಔಟಿನ ಕಂಪನಿಗೆ ಇಲ್ಲ ಅಂದ್ರೆ ಹೇಗೆ?

"ಡಬಲ್ ಖರ್ಚಾಗುತ್ತಲ್ಲ?" ಆಗಲ್ಲ. ಟೆಸ್ಟ್ ಮೆಷಿನ್ ಲೈವ್‌ನಷ್ಟು ದೊಡ್ಡದಿರಬೇಕಿಲ್ಲ, ಕ್ಲೌಡ್ ಆದರೆ ರಾತ್ರಿ ಆಫ್ ಮಾಡಿಡಬಹುದು.

"ಬ್ಯಾಕಪ್ ಇದೆಯಲ್ಲ?" ಗಿಟ್‌ಲ್ಯಾಬ್‌ನವರ ಬಳಿಯೂ ಇತ್ತು. 2017ರ ಜನವರಿ 31ರಂದು ಅಲ್ಲಿನ ಎಂಜಿನಿಯರ್ ಒಬ್ಬರು ಇನ್ನೊಂದು ಸರ್ವರ್ ಅಂದುಕೊಂಡು ಲೈವ್ ಡೇಟಾಬೇಸನ್ನೇ ಅಳಿಸಿದರು. ಐದು ಬಗೆಯ ವ್ಯವಸ್ಥೆಯಲ್ಲಿ ಒಂದೂ ನೆಟ್ಟಗೆ ಕೈಹಿಡೀಲಿಲ್ಲ. ಕೊನೆಗೆ ಕಾಪಾಡಿದ್ದು ಯಾವುದು ಗೊತ್ತಾ? ಆರು ಗಂಟೆ ಮುಂಚೆ ಟೆಸ್ಟಿಂಗ್‌ನ ಸ್ಟೇಜಿಂಗ್ ಸಿಸ್ಟಂಗೆ ಅಂತ ತೆಗೆದಿಟ್ಟಿದ್ದ ಪ್ರತಿ!

ಹಾಗಂತ ಏಳೆಂಟು ಎನ್ವಿರಾನ್ಮೆಂಟ್ ಕಟ್ಟಿ ಮೆರೆಯೋರನ್ನೂ ನಾನು ಹೊಗಳಲ್ಲ. ಹತ್ತು ಜನರ ಟೀಮಿಗೆ ಡೆವ್, ಕ್ಯೂಎ, ಯುಎಟಿ, ಪ್ರಿ-ಪ್ರಾಡ್, ಒಂದೊಂದರಲ್ಲೂ ಒಂದೊಂದು ವರ್ಷನ್. ಲೈವ್‌ಗೆ ಹೋಲಿಕೆಯೇ ಇಲ್ಲದ ಟೆಸ್ಟ್ ಸಿಸ್ಟಂ ಸುಳ್ಳು ಧೈರ್ಯ ಕೊಡುತ್ತೆ, ಅಷ್ಟೇ.

ಬೆಳೆಯೋ ವ್ಯಾಪಾರಕ್ಕೆ ಬೇಕಾಗಿರೋದು ಇಷ್ಟು. ಎರಡನೇ ಬ್ರಾಂಚ್ ತೆರೆದ ದಿನವೇ ಟೆಸ್ಟ್ ಸಿಸ್ಟಂ ಶುರುವಾಗಲಿ. ಎರಡರಲ್ಲೂ ಸಾಫ್ಟ್‌ವೇರ್ ವರ್ಷನ್ ಒಂದೇ ಇರಲಿ, ಪಾಸ್‌ವರ್ಡ್ ಮತ್ತು ಪರದೆಯ ಬಣ್ಣ ಬೇರೆ ಇರಲಿ. ಗಿರಾಕಿಗಳ ಫೋನ್ ನಂಬರ್, ಆಧಾರ್ ಟೆಸ್ಟ್‌ಗೆ ಹೋಗೋ ಮುಂಚೆ ಅಳಿಸಿ. ಪಾಸಾದ ಬದಲಾವಣೆಯನ್ನೂ ಮೊದಲು ಒಂದೇ ಬ್ರಾಂಚಿಗೆ ಬಿಡಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಒಂದು ಅಪ್‌ಡೇಟನ್ನ ಎಲ್ಲರಿಗೂ ಒಟ್ಟಿಗೆ ಕಳಿಸಿ, ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್ ಮಲಗಿದವು. ನಮ್ಮ ದೇಶದ ಏರ್‌ಪೋರ್ಟ್‌ಗಳಲ್ಲೂ ಬೋರ್ಡಿಂಗ್ ಪಾಸನ್ನ ಕೈಯಲ್ಲಿ ಬರೆದು ಕೊಟ್ಟರು.

ಮುಂದಿನ ಬಜೆಟ್ ಮೀಟಿಂಗಲ್ಲಿ ನಿಮ್ಮ ಮ್ಯಾನೇಜರ್ "ಒಂದೇ ಸಾಕು" ಅಂದರೆ ತಲೆಯಾಡಿಸಬೇಡಿ. "ಸರಿ ಸಾರ್, ಟೆಸ್ಟಿಂಗ್ ಮಾಡಿಕೊಟ್ಟ ಗಿರಾಕಿಗೆ ಸಂಬಳ ಎಷ್ಟು ಕೊಡೋಣ?" ಅಂತ ಕೇಳಿ.