ಹಳೆಯ ಬೈಕಿಗೆ ನ್ಯಾಯವಾದ ಬೆಲೆ ಯಾವುದು?

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಎತ್ತು ಕೊಳ್ಳಲು ಬಂದ ರೈತ ಮೊದಲು ಬೆಲೆ ಕೇಳುವುದಿಲ್ಲ. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲಿನಲ್ಲಿ ಊನವಿದೆಯೇ ಎಂದು ಪರೀಕ್ಷಿಸುತ್ತಾನೆ. ದಲ್ಲಾಳಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುವುದು ಆಮೇಲಿನ ಮಾತು. ಅದೇ ರೈತನ ಮೊಮ್ಮಗ ಬೆಂಗಳೂರಿಗೆ ಬಂದು ಸೆಕೆಂಡ್ ಹ್ಯಾಂಡ್ ಬೈಕು ಕೊಳ್ಳಲು ಹೊರಟಾಗ ಮಾತ್ರ ಈ ಕ್ರಮ ತಲೆಕೆಳಗಾಗುತ್ತದೆ. ಮೊದಲು ಬೆಲೆ ಕೇಳುತ್ತಾನೆ, ನಂತರ ಪೆಟ್ರೋಲ್ ಟ್ಯಾಂಕಿನ ಹೊಳಪು ನೋಡುತ್ತಾನೆ, ಮೀಟರಿನಲ್ಲಿ ಕಾಣುವ ಕಿಲೋಮೀಟರನ್ನು ನಂಬಿ ಮುಂಗಡ ಕೊಟ್ಟುಬಿಡುತ್ತಾನೆ. ಎತ್ತಿನ ವಿಷಯದಲ್ಲಿ ತಲೆಮಾರುಗಳಿಂದ ಬಂದ ವಿವೇಕ ಯಂತ್ರದ ವಿಷಯದಲ್ಲಿ ನಮಗಿನ್ನೂ ದಕ್ಕಿಲ್ಲ.

ಇದು ಕೇವಲ ಕೊಳ್ಳುವವನ ಜಾಣತನದ ಪ್ರಶ್ನೆಯಲ್ಲ. ನಮ್ಮ ಮಧ್ಯಮ ವರ್ಗದ ಮನೆಗಳ ಮುಂದೆ ನಿಂತಿರುವ ಹಳೆಯ ಬೈಕುಗಳು ಕೊನೆಗೆ ಯಾರ ಕೈ ಸೇರುತ್ತವೆ ಎಂಬುದನ್ನು ಗಮನಿಸಬೇಕು. ಮನೆ ಬಾಗಿಲಿಗೆ ಊಟ ತಲುಪಿಸುವ ಹುಡುಗ, ಗಾರೆ ಕೆಲಸದ ಮೇಸ್ತ್ರಿ, ಕೊಳಾಯಿ ರಿಪೇರಿಯವನು, ಮುಂಜಾನೆ ಹೂವು ತರಲು ಮಾರುಕಟ್ಟೆಗೆ ಹೋಗುವ ವ್ಯಾಪಾರಿ ಇಂಥವರೇ ಹಳೆಯ ಬೈಕಿನ ದೊಡ್ಡ ಗಿರಾಕಿಗಳು. ಮಾರುವವನಿಗೆ ಐದು ಸಾವಿರ ರೂಪಾಯಿ ಹೆಚ್ಚು ಬಂದರೆ ಒಂದು ಸಂತೋಷ, ಅಷ್ಟೆ. ಕೊಳ್ಳುವವನಿಗೆ ಅದು ಎಷ್ಟೋ ದಿನಗಳ ದುಡಿಮೆ. ಬೈಕು ದಾರಿಯಲ್ಲಿ ಕೆಟ್ಟು ನಿಂತರೆ ಅಂದಿನ ಸಂಪಾದನೆಯೂ ನಿಂತಂತೆಯೇ. ಆದ್ದರಿಂದ ನ್ಯಾಯವಾದ ಬೆಲೆ ಎಂಬ ಮಾತು ಇಲ್ಲಿ ಅಲಂಕಾರದ ಮಾತಲ್ಲ.

ನ್ಯಾಯವಾದ ಬೆಲೆಯನ್ನು ಹುಡುಕುವಾಗ ನಾವು ಸಾಮಾನ್ಯವಾಗಿ ಮೂರು ತಪ್ಪು ಅಳತೆಗೋಲುಗಳನ್ನು ಹಿಡಿಯುತ್ತೇವೆ. ಮೊದಲನೆಯದು, ‘ನಾನು ಕೊಂಡಾಗ ಇಷ್ಟು ಕೊಟ್ಟಿದ್ದೆ’ ಎಂಬ ಲೆಕ್ಕ. ಕೊಟ್ಟ ಹಣದಲ್ಲಿ ತೆರಿಗೆ, ವಿಮೆ, ಸಾಲದ ಬಡ್ಡಿ, ಶೋರೂಮಿನವರು ತಗುಲಿಸಿದ ಬಿಡಿ ಸಾಮಗ್ರಿ ಎಲ್ಲವೂ ಸೇರಿರುತ್ತವೆ. ಅವೆಲ್ಲ ಇಂದು ಬೈಕಿನಲ್ಲಿ ಉಳಿದಿಲ್ಲ. ಎರಡನೆಯದು, ಜಾಹೀರಾತಿನಲ್ಲಿ ಕಾಣುವ ಬೆಲೆ. ಅದು ಮಾರುವವನ ಆಸೆ. ನಿಜವಾಗಿ ವ್ಯಾಪಾರ ಕುದುರಿದ ಬೆಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮೂರನೆಯದು ಮಮಕಾರ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಯಮಹಾ ಆರ್‌ಎಕ್ಸ್ 100 ತಯಾರಿಕೆ ನಿಂತದ್ದೂ ಅದೇ ವರ್ಷ. ಅಂದಿನ ಯೆಜ್ಡಿ, ಆರ್‌ಎಕ್ಸ್‌ಗಳಿಗೆ ಇಂದು ಹೊಸದರಲ್ಲಿದ್ದ ಬೆಲೆಯ ಹಲವು ಪಟ್ಟು ಕೊಡಲು ಸಿದ್ಧರಿರುವ ಅಭಿಮಾನಿಗಳಿದ್ದಾರೆ. ಅದು ನೆನಪಿನ ಬೆಲೆ. ಅದನ್ನು ತೋರಿಸಿ ನಿತ್ಯದ ಓಡಾಟದ ಹತ್ತು ವರ್ಷದ ಬೈಕಿಗೂ ಬೆಲೆ ಏರಿಸುವುದು ಸರಿಯಲ್ಲ.

ಹಾಗಾದರೆ ಸರಿಯಾದ ಅಳತೆಗೋಲು ಯಾವುದು? ವಿಮಾ ಕಂಪನಿಗಳು ಬಹುಕಾಲದಿಂದ ಬಳಸುತ್ತಿರುವ ಸವಕಳಿ ಪಟ್ಟಿಯೊಂದಿದೆ. ಅದೇ ಮಾದರಿಯ ಹೊಸ ವಾಹನಕ್ಕೆ ಇಂದು ತಯಾರಕರು ನಿಗದಿ ಮಾಡಿರುವ ಬೆಲೆಯಿಂದ ಅದರ ಲೆಕ್ಕ ಆರಂಭವಾಗುತ್ತದೆ. ಆರು ತಿಂಗಳೊಳಗಿನ ವಾಹನಕ್ಕೆ ಶೇ 5, ಒಂದು ವರ್ಷದವರೆಗೆ ಶೇ 15, ಎರಡು ವರ್ಷದವರೆಗೆ ಶೇ 20, ಮೂರಕ್ಕೆ ಶೇ 30, ನಾಲ್ಕಕ್ಕೆ ಶೇ 40, ಐದಕ್ಕೆ ಶೇ 50 ಕಳೆಯಲಾಗುತ್ತದೆ. ಐದು ವರ್ಷ ದಾಟಿದ ಮೇಲೆ ಪಟ್ಟಿ ಮೌನವಾಗುತ್ತದೆ. ಬೆಲೆಯನ್ನು ಎರಡೂ ಕಡೆಯವರು ಒಪ್ಪಿ ನಿರ್ಧರಿಸಬೇಕು. ಈ ಪಟ್ಟಿ ಮಾರುಕಟ್ಟೆಯ ಕಾನೂನೇನೂ ಅಲ್ಲ. ಆದರೆ ಮಾರುವವನ ಆಸೆ ಮತ್ತು ಕೊಳ್ಳುವವನ ಅನುಮಾನ ಎರಡರಿಂದಲೂ ಹೊರಗೆ ನಿಂತ ಲೆಕ್ಕವೆಂಬುದೇ ಅದರ ಗುಣ.

‘ಇಂದಿನ ಹೊಸ ಬೆಲೆ’ ಎಂಬ ಮಾತಿನ ಮಹತ್ವವನ್ನು 2025ರ ಸೆಪ್ಟೆಂಬರ್ 22 ಚೆನ್ನಾಗಿ ತೋರಿಸಿಕೊಟ್ಟಿತು. ಅಂದಿನಿಂದ 350 ಸಿ.ಸಿ.ವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ತೆರಿಗೆ ಇಳಿಕೆಯ ಪೂರ್ಣ ಲಾಭ ದೊರೆತರೆ ಹೊಸ ಬೈಕಿನ ಬೆಲೆ ಸುಮಾರು ಶೇ 8ರಷ್ಟು ಇಳಿಯುತ್ತದೆ. ಅದರ ಹಿಂದಿನ ವರ್ಷ ಬೈಕು ಕೊಂಡವನಿಗೆ ಇದು ಕಹಿ ಸುದ್ದಿಯೇ ಸರಿ. ಆದರೂ ಆ ನಷ್ಟವನ್ನು ಹಳೆಯ ಬೈಕು ಕೊಳ್ಳುವವನ ತಲೆಗೆ ಕಟ್ಟುವುದು ನ್ಯಾಯವಲ್ಲ. ಹೊಸದೇ ಅಗ್ಗವಾದಾಗ ಹಳೆಯದು ಹಳೆಯ ಬೆಲೆಯಲ್ಲೇ ನಿಲ್ಲಲಾರದು.

ಒಂದು ಉದಾಹರಣೆಯಿಂದ ಲೆಕ್ಕ ಸ್ಪಷ್ಟವಾದೀತು. ಮೂರೂವರೆ ವರ್ಷದ ಬೈಕೊಂದಿದೆ. ಅದೇ ಮಾದರಿಯ ಹೊಸದಕ್ಕೆ ಶೋರೂಮಿನಲ್ಲಿ ಇಂದು 85,000 ರೂಪಾಯಿ ಇದೆ ಎಂದಿಟ್ಟುಕೊಳ್ಳೋಣ. ಪಟ್ಟಿಯ ಪ್ರಕಾರ ಶೇ 40 ಕಳೆದರೆ 51,000. ಎರಡೂ ಟೈರು, ಚೈನ್ ಸ್ಪ್ರಾಕೆಟ್, ಬ್ರೇಕ್, ಬ್ಯಾಟರಿ ಬದಲಿಸಲು 7,000 ಬೇಕೆಂದು ನಂಬಿಕಸ್ಥ ಮೆಕ್ಯಾನಿಕ್ ಹೇಳಿದರೆ ಉಳಿಯುವುದು 44,000. ವರ್ಗಾವಣೆ ಶುಲ್ಕಕ್ಕೂ ಬಾಕಿ ಇರುವ ಸಂಚಾರ ದಂಡಕ್ಕೂ ಒಂದು ಸಾವಿರ ಕಳೆದರೆ 43,000. ಮಾರುವವನ ಪರವಾಗಿಯೂ ಎರಡು ಮಾತಿವೆ. ಅವನು ಕಟ್ಟಿದ ಆಜೀವ ತೆರಿಗೆಯ ಫಲ ಇನ್ನು ಕೊಳ್ಳುವವನಿಗೆ ಸಲ್ಲುತ್ತದೆ. 2018ರ ಸೆಪ್ಟೆಂಬರ್ ನಂತರ ಮಾರಾಟವಾದ ಹೊಸ ಬೈಕುಗಳಿಗೆ ಐದು ವರ್ಷಗಳ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾದ್ದರಿಂದ ಅದರಲ್ಲೂ ಒಂದೂವರೆ ವರ್ಷ ಉಳಿದಿರುತ್ತದೆ. ಹೀಗೆ ಕೂಡಿ ಕಳೆದರೆ ನ್ಯಾಯವಾದ ಬೆಲೆ 42 ಸಾವಿರದಿಂದ 46 ಸಾವಿರದೊಳಗೆ ಎಲ್ಲೋ ನಿಲ್ಲುತ್ತದೆ. 55 ಸಾವಿರ ಕೇಳುವವನು ಅದಕ್ಕೆ ಕಾರಣ ತೋರಿಸಬೇಕು; 30 ಸಾವಿರಕ್ಕೆ ಕೊಡು ಎನ್ನುವವನೂ ತೋರಿಸಬೇಕು. ಕಷ್ಟಕ್ಕೆ ಸಿಕ್ಕಿ ಮಾರುವವನಿಂದ ಕಿತ್ತುಕೊಂಡ ಬೆಲೆಯನ್ನೂ ನ್ಯಾಯವೆನ್ನಲಾಗದು.

ಈ ಲೆಕ್ಕದಲ್ಲಿ ಮೀಟರಿನ ಅಂಕಿಗೆ ಕೊನೆಯ ಸ್ಥಾನ. ಅದನ್ನು ತಿರುಗಿಸುವ ಕೈಚಳಕ ಹೊಸದೇನಲ್ಲ. ಸವೆದ ಫುಟ್‌ರೆಸ್ಟ್ ರಬ್ಬರು, ನುಣುಪಾದ ಬ್ರೇಕ್ ಪೆಡಲು, ಮೊನಚಾದ ಸ್ಪ್ರಾಕೆಟ್ ಹಲ್ಲುಗಳು ಮೀಟರಿಗಿಂತ ಪ್ರಾಮಾಣಿಕ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ: 2321 ಎಂದಿದ್ದರೆ 2021ರ 23ನೆಯ ವಾರ. ಎಂಜಿನನ್ನು ತಣ್ಣಗಿರುವಾಗಲೇ ಚಾಲೂ ಮಾಡಿ ನೋಡಬೇಕು. ನೀವು ಹೋಗುವ ಮೊದಲೇ ಅದನ್ನು ಬಿಸಿ ಮಾಡಿಟ್ಟಿದ್ದರೆ ಕಾರಣ ಕೇಳಬೇಕು. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದರ್ಥ. ಎತ್ತಿನ ಹಲ್ಲೆಣಿಸಿದ ಅಜ್ಜನ ವಿದ್ಯೆಗೆ ಇದಕ್ಕಿಂತ ಹೆಚ್ಚಿನ ವಿದ್ಯೆ ಏನೂ ಬೇಕಿಲ್ಲ.

ಓಡಿದ ಬೈಕಿನ ಮಾತು ಹೀಗಾದರೆ, ಓಡದೆಯೇ ಹಳತಾದ ಬೈಕಿನ ಕಥೆ ಬೇರೆ. 2017ರ ಮಾರ್ಚ್ 29ರಂದು ಸುಪ್ರೀಂ ಕೋರ್ಟ್, ಏಪ್ರಿಲ್ 1ರಿಂದ ಬಿಎಸ್-3 ವಾಹನಗಳ ಮಾರಾಟ ಮತ್ತು ನೋಂದಣಿ ಕೂಡದೆಂದು ಆದೇಶಿಸಿತು. ಆಗ ದೇಶದಲ್ಲಿ ಮಾರಾಟವಾಗದೆ ಉಳಿದಿದ್ದ 8.24 ಲಕ್ಷ ವಾಹನಗಳ ಪೈಕಿ 6.71 ಲಕ್ಷ ದ್ವಿಚಕ್ರ ವಾಹನಗಳೇ ಆಗಿದ್ದವು. ಶೋರೂಮುಗಳ ಮುಂದೆ ಜನ ಮುಗಿಬಿದ್ದರು. ಕೆಲವು ಮಾದರಿಗಳ ಮೇಲೆ 22,000 ರೂಪಾಯಿವರೆಗೂ ರಿಯಾಯಿತಿ ಸಿಕ್ಕಿತು. ಎಂಜಿನಿನ ಒಂದು ತಿರುಪೂ ಬದಲಾಗದೆ ಎರಡೇ ದಿನಗಳಲ್ಲಿ ಬೆಲೆ ಕುಸಿದಿತ್ತು. ಬಿಎಸ್-4 ವಾಹನಗಳಿಗೆ 2020ರ ಮಾರ್ಚ್ 31ರ ಗಡುವು ಬಂದಾಗ, ಲಾಕ್‌ಡೌನ್ ನಡುವೆ, ಇದೇ ಪ್ರಸಂಗ ಮರುಕಳಿಸಿತು.

ಈ ಎರಡು ಪ್ರಸಂಗಗಳು ಕಲಿಸುವ ಪಾಠವೆಂದರೆ, ಗೋದಾಮಿನಲ್ಲಿ ನಿಂತ ಬೈಕಿಗೂ ವಯಸ್ಸಾಗುತ್ತದೆ. ಬ್ಯಾಟರಿ ಸೊರಗುತ್ತದೆ, ಟೈರು ಗಡುಸಾಗುತ್ತದೆ, ರಬ್ಬರ್ ಸೀಲುಗಳು ಒಣಗುತ್ತವೆ. ತಯಾರಾದ ತಿಂಗಳು ಮತ್ತು ವರ್ಷ ಆರ್.ಸಿ.ಯಲ್ಲಿ ನಮೂದಾಗುವುದರಿಂದ ಮುಂದೆ ಮಾರುವಾಗ ಗಿರಾಕಿ ಆ ವರ್ಷವನ್ನೇ ಹಿಡಿದು ಬೆಲೆ ಕಟ್ಟುತ್ತಾನೆ. ವರ್ಷ ಹಳೆಯ ದಾಸ್ತಾನನ್ನು ಹೊಸದರ ಬೆಲೆಗೆ ಕೊಟ್ಟು ಒಂದು ಹೆಲ್ಮೆಟ್ ಉಚಿತವೆನ್ನುವುದು ಉದಾರತೆಯಲ್ಲ. ಬೈಕು ಓಡಿಲ್ಲದ ಕಾರಣ ಶೇ 15 ಪೂರ್ತಿ ಕಳೆಯಬೇಕೆಂದು ಹಟ ಹಿಡಿಯುವುದೂ ಅತಿಯಾದೀತು. ಅದರ ಅರ್ಧದಷ್ಟು ಇಳಿಕೆ, ಹೊಸ ಬ್ಯಾಟರಿ ಮತ್ತು ಮಾರಾಟದ ದಿನದಿಂದ ಪೂರ್ಣ ವಾರಂಟಿ ಕೇಳುವುದು ಗ್ರಾಹಕನಿಗೆ ಸಲ್ಲುವ ಬೇಡಿಕೆ. ‘ಒಂದು ಕಿಲೋಮೀಟರೂ ಓಡಿಲ್ಲ’ ಎಂದು ಮಾರುವ ಬೈಕು ಮೊದಲೇ ಬೇರೊಬ್ಬರ ಹೆಸರಿನಲ್ಲಿ ನೋಂದಣಿಯಾಗಿದ್ದರೆ ಕೊಳ್ಳುವವನು ಕಾಗದದ ಮೇಲೆ ಎರಡನೆಯ ಮಾಲೀಕನೇ ಆಗುತ್ತಾನೆ ಎಂಬುದನ್ನೂ ಮರೆಯಬಾರದು.

ಇನ್ನು ಕಾಗದಪತ್ರ. ಕಬ್ಬಿಣಕ್ಕೆ ಬೆಲೆ ಕಟ್ಟುವ ನಾವು ಕಾಗದಕ್ಕೆ ಕಟ್ಟುವುದಿಲ್ಲ. ಸಾಲ ತೀರಿದ್ದರೂ ಆರ್.ಸಿ.ಯಿಂದ ಬ್ಯಾಂಕಿನ ಹೆಸರು ತೆಗೆಸದ ಬೈಕು, ಹೊರ ರಾಜ್ಯದಿಂದ ಎನ್‌ಒಸಿ ಇಲ್ಲದೆ ಬಂದ ಬೈಕು, ಎಷ್ಟೇ ಚೆನ್ನಾಗಿ ಓಡಿದರೂ ಪೂರ್ಣ ಬೆಲೆಗೆ ಅರ್ಹವಲ್ಲ. ಖಾಸಗಿ ವಾಹನದ ನೋಂದಣಿ 15 ವರ್ಷ ಮಾತ್ರ ಊರ್ಜಿತ. ಆಮೇಲೆ ತಪಾಸಣೆಗೆ ಒಪ್ಪಿಸಿ, ಶುಲ್ಕ ಕಟ್ಟಿ, ಐದೈದು ವರ್ಷಕ್ಕೆ ನವೀಕರಿಸಬೇಕು. ಹದಿಮೂರು ವರ್ಷದ ಬೈಕಿನ ಬೆಲೆ ಹೇಳುವಾಗ ಈ ಖರ್ಚು ಎರಡೇ ವರ್ಷದಲ್ಲಿ ಎದುರಾಗುತ್ತದೆಂಬುದನ್ನು ಮುಚ್ಚಿಡುವುದು ವಂಚನೆಗೆ ಹತ್ತಿರದ ಮಾತು.

ಕಾಗದದ ಅಲಕ್ಷ್ಯ ಮಾರುವವನನ್ನೂ ಬಿಡುವುದಿಲ್ಲ. ಮೋಟಾರು ವಾಹನ ಕಾಯ್ದೆಯ 50ನೆಯ ಸೆಕ್ಷನ್ನಿನ ಪ್ರಕಾರ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳಲ್ಲಿ, ಕೊಂಡವನು 30 ದಿನಗಳಲ್ಲಿ ಆರ್‌ಟಿಒಗೆ ತಿಳಿಸಬೇಕು. ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ ಕೈತೊಳೆದುಕೊಂಡರೆ ಮುಗಿಯಿತೆಂದು ಭಾವಿಸುವವರು ಬಹಳ. ಹಲವು ಕೈ ಬದಲಾದ ವಾಹನವೊಂದರ ಅಪಘಾತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ, ನೋಂದಣಿ ಪುಸ್ತಕದಲ್ಲಿ ಹೆಸರಿರುವವನೇ ಕಾನೂನಿನ ಕಣ್ಣಿನಲ್ಲಿ ಮಾಲೀಕ, ಪರಿಹಾರದ ಹೊಣೆ ಅವನದೇ ಎಂದು ಸ್ಪಷ್ಟಪಡಿಸಿದೆ. ಐದು ಸಾವಿರ ಹೆಚ್ಚಿಗೆ ಸಿಕ್ಕಿತೆಂದು ಹಿಗ್ಗಿ, ಹೆಸರು ವರ್ಗಾವಣೆಯನ್ನು ಗಿರಾಕಿಗೆ ಬಿಟ್ಟುಕೊಟ್ಟವನು ಮುಂದೊಂದು ದಿನ ಲಕ್ಷಗಳ ಪರಿಹಾರಕ್ಕೆ ಉತ್ತರ ಹೇಳಬೇಕಾದೀತು.

ಇಷ್ಟೆಲ್ಲ ಗೊಂದಲದ ಮೂಲ ಒಂದೇ. ಬೈಕು ಎಲ್ಲಿ ಬಿದ್ದಿತ್ತು, ಎಂಜಿನನ್ನು ಯಾವಾಗ ಬಿಚ್ಚಿಸಿತ್ತು, ಮಳೆ ನೀರಿನಲ್ಲಿ ಮುಳುಗಿತ್ತೇ ಎಂಬುದು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನೇ ಮುಂದಿಟ್ಟುಕೊಂಡು ಇದನ್ನು ವಿವರಿಸಿದರು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ತಿಳಿಯದ ಗಿರಾಕಿ ಎಲ್ಲಕ್ಕೂ ಕಡಿಮೆ ಬೆಲೆಯನ್ನೇ ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯ ವಾಹನದ ಮಾಲೀಕ ಮಾರಲು ಒಪ್ಪುವುದಿಲ್ಲ. ಕೊನೆಗೆ ಮಾರುಕಟ್ಟೆಯಲ್ಲಿ ಕೆಟ್ಟವೇ ಉಳಿಯುತ್ತವೆ. 2001ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರದಲ್ಲಿ ಪಾಲು ತಂದುಕೊಟ್ಟದ್ದು ಇದೇ ವಿಚಾರ. ಅಂದರೆ, ಮುಚ್ಚಿಡುವ ಮಾರಾಟಗಾರ ತನ್ನ ಗಿರಾಕಿಗೆ ಮಾತ್ರವಲ್ಲ, ಬೈಕನ್ನು ಜೋಪಾನವಾಗಿ ಇಟ್ಟುಕೊಂಡ ಪಕ್ಕದ ಮನೆಯವನಿಗೂ ನಷ್ಟ ಮಾಡುತ್ತಾನೆ.

ಸರ್ಕಾರದ ಪಾತ್ರವೂ ಇಲ್ಲಿದೆ. ಹಳೆಯ ವಾಹನಗಳ ವ್ಯಾಪಾರಿಗಳು ಆರ್‌ಟಿಒಯಿಂದ ಅಧಿಕಾರಪತ್ರ ಪಡೆಯಬೇಕು, ಮಾಲೀಕನಿಂದ ವಾಹನ ತಮ್ಮ ವಶಕ್ಕೆ ಬಂದುದನ್ನು ವರದಿ ಮಾಡಬೇಕು ಎಂಬ ನಿಯಮವನ್ನು ಕೇಂದ್ರ 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ನಿಯಮ ಒಳ್ಳೆಯದೇ, ರಸ್ತೆಬದಿಯ ಪ್ರತಿ ಅಂಗಡಿಗೂ ಅದು ತಲುಪಬೇಕು. ನೋಂದಣಿ ಸಂಖ್ಯೆ ಕೊಟ್ಟರೆ ವಾಹನದ ವಯಸ್ಸು, ವಿಮೆಯ ಅವಧಿ ತಿಳಿಸುವ ಸರ್ಕಾರಿ ಆ್ಯಪ್ ಈಗಾಗಲೇ ಇದೆ. ಆ ವಾಹನಕ್ಕೆ ಸಂದ ಅಪಘಾತ ವಿಮಾ ಪರಿಹಾರದ ವಿವರ, ಪ್ರತಿ ತಪಾಸಣೆಯಲ್ಲಿ ದಾಖಲಾದ ಕಿಲೋಮೀಟರ್ ಅಂಕಿ ಇವೂ ಅಲ್ಲಿ ಸುಲಭವಾಗಿ ಕಾಣುವಂತಾದರೆ ಮೀಟರ್ ತಿರುಗಿಸುವ ದಂಧೆಗೆ ದೊಡ್ಡ ಪೆಟ್ಟು ಬೀಳುತ್ತದೆ. ಮಾಲೀಕರ ಹೆಸರು, ವಿಳಾಸ ಬಹಿರಂಗಪಡಿಸದೆಯೂ ಇದನ್ನು ಮಾಡಬಹುದು.

ಆದರೆ ಸರ್ಕಾರಕ್ಕೆ ಕಾಯದೆ ನಾವೇ ಮಾಡಬಹುದಾದ ಕೆಲಸವೂ ಒಂದಿದೆ. ಬೈಕು ಮಾರುವಾಗ ಒಂದು ಹಾಳೆಯಲ್ಲಿ ಅದರ ವೃತ್ತಾಂತ ಬರೆದು, ಸಹಿ ಹಾಕಿ, ಸರ್ವಿಸ್ ರಸೀದಿಗಳ ಜೊತೆ ಕೊಡೋಣ: ಬಿದ್ದದ್ದು, ಬದಲಿಸಿದ್ದು, ಬಾಕಿ ಇರುವುದು ಇಷ್ಟೇ. ಗಿರಾಕಿ ತನ್ನ ಮೆಕ್ಯಾನಿಕ್ ಕರೆತಂದರೆ ಮುಖ ಸಿಂಡರಿಸದಿರೋಣ. ಹೆಸರು ವರ್ಗಾವಣೆಯಾಗುವವರೆಗೆ ಅದನ್ನು ನಮ್ಮದೇ ಕೆಲಸವೆಂದು ತಿಳಿಯೋಣ. ಇದರಿಂದ ಒಮ್ಮೊಮ್ಮೆ ಮೂರು ನಾಲ್ಕು ಸಾವಿರ ಕಡಿಮೆ ಬಂದೀತು. ಆದರೆ ಆ ಬೈಕಿನ ಮೇಲೆ ನಾಳೆಯಿಂದ ಒಬ್ಬ ದುಡಿಯುವ ಮನುಷ್ಯ ತನ್ನ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವನಿದ್ದಾನೆ. ಬ್ರೇಕು ಹಿಡಿಯುವುದಿಲ್ಲವೆಂದು ನಮಗೆ ಗೊತ್ತಿದ್ದರೆ, ಬೆಲೆಯ ಮಾತಿಗೆ ಮೊದಲು ಅದನ್ನು ಅವನಿಗೆ ಹೇಳಬೇಕು.