ವಿಮಾನದ ಬೆನ್ನಿಗೊಂದು ಹೊರೆ

ಸೈಕಲ್ಲಿನ ಕ್ಯಾರಿಯರ್ ಮೇಲೆ ಅಕ್ಕಿಮೂಟೆ ಕಟ್ಟಿಕೊಂಡು ಹೊರಟವರಿಗೆ ಗೊತ್ತು: ಮೂಟೆ ಇರುವುದು ಹಿಂದೆ, ತಂಟೆ ಶುರುವಾಗುವುದು ಮುಂದೆ. ಹ್ಯಾಂಡಲ್ ಹಗುರಾಗಿ ಅತ್ತಿತ್ತ ಓಲಾಡುತ್ತದೆ. ಏರು ಬಂದರೆ ಮುಂದಿನ ಚಕ್ರ ನೆಲ ಬಿಟ್ಟೇಳಲು ನೋಡುತ್ತದೆ. ಬ್ರೇಕ್ ಹಿಡಿದರೆ ಎಂದಿನ ಜಾಗದಲ್ಲಿ ನಿಲ್ಲುವುದಿಲ್ಲ. ಸೈಕಲ್ ಅದೇ, ಸವಾರನೂ ಅವನೇ. ಒಂದು ಮೂಟೆ ಸೇರಿದ್ದಕ್ಕೆ ಅದರ ಸ್ವಭಾವವೇ ಬದಲಾಗಿದೆ.

ಈಗ ಆ ಮೂಟೆಯನ್ನು ವಿಮಾನದ ಬೆನ್ನಿಗೆ ಕಟ್ಟಿದಂತೆ ಊಹಿಸಿಕೊಳ್ಳಿ.

ಹಾಗೆ ಕಟ್ಟುವುದೂ ಉಂಟು. ಹೊಸ ರೇಡಾರ್ ಇರಲಿ, ಎಂಜಿನ್ ಇರಲಿ, ನೆಲದ ಮೇಲಿನ ಪರೀಕ್ಷೆಗಳಲ್ಲಿ ಪಾಸಾದ ಮೇಲೆ ಅದು ಆಕಾಶದಲ್ಲೂ ಪಾಸಾಗಬೇಕು. ಅದಕ್ಕಾಗಿ ಪ್ರತಿ ಸಲವೂ ಹೊಸ ವಿಮಾನ ಕಟ್ಟುವುದಿಲ್ಲ. ಗುಣಾವಗುಣ ಚೆನ್ನಾಗಿ ಗೊತ್ತಿರುವ ಹಳೆಯ ವಿಮಾನವೊಂದನ್ನು ತಂದು, ಸೀಟುಗಳನ್ನು ಕಿತ್ತು, ಮೈ ಕೊರೆದು, ತಂತಿ ಎಳೆದು, ಅದನ್ನೇ ಹಾರುವ ಪ್ರಯೋಗಶಾಲೆ ಮಾಡುತ್ತಾರೆ.

‘ಇದ್ದ ವಿಮಾನಕ್ಕೆ ಒಂದು ಪೆಟ್ಟಿಗೆ ಜೋಡಿಸುವುದು ಏನು ಮಹಾ?’ ಎನ್ನಬೇಡಿ. ಮೊದಲನೆಯದು ತೂಕ. ವಿಮಾನದ ಗುರುತ್ವ ಕೇಂದ್ರ ಒಂದು ಸಣ್ಣ ಮಿತಿಯೊಳಗೇ ಇರಬೇಕು. ಅದು ತೀರಾ ಮುಂದಕ್ಕೆ ಸರಿದರೆ ಮೂಗು ಮೇಲೇಳದು, ತೀರಾ ಹಿಂದಕ್ಕೆ ಸರಿದರೆ ಎದ್ದ ಮೂಗು ಇಳಿಯದು. ಕೇಂದ್ರದಿಂದ 5 ಮೀಟರ್ ಹಿಂದೆ 100 ಕಿಲೊ ಪೆಟ್ಟಿಗೆ ಇಟ್ಟರೆ, ಅದನ್ನು ಸರಿದೂಗಿಸಲು 10 ಮೀಟರ್ ಮುಂದೆ 50 ಕಿಲೊ ಬೇಕು. ಹೈಸ್ಕೂಲಿನಲ್ಲಿ ಕಲಿತ ಸನ್ನೆಕೋಲಿನ ಲೆಕ್ಕವೇ ಇದು!

ಎರಡನೆಯದು ಗಾಳಿ. ಹೊಳೆಯ ನಡುವಿನ ಬಂಡೆಯ ಹಿಂದೆ ನೀರು ಸುಳಿಯಾಗುವುದನ್ನು ನೋಡಿದ್ದೀರಿ. ಬೆನ್ನ ಮೇಲೆ ಏನನ್ನು ನಿಲ್ಲಿಸಿದರೂ ಅದರ ಹಿಂದೆ ಗಾಳಿ ಹಾಗೆಯೇ ಕದಡುತ್ತದೆ. ಆ ಕದಡಿದ ಗಾಳಿಯ ದಾರಿಯಲ್ಲೇ ಬಾಲವಿರುತ್ತದೆ. ವಿಮಾನವನ್ನು ನೇರವಾಗಿ ಇಡುವುದೇ ಬಾಲದ ಕೆಲಸ. ಮೂರನೆಯದು ವಿದ್ಯುತ್ತು. ಹೊಸ ಉಪಕರಣಕ್ಕೆ ಸಾಕಾಗುವಷ್ಟು ಕರೆಂಟ್ ಇದೆಯೇ? ಅದರ ಬಿಸಿ ಹೊರಹೋಗುವ ದಾರಿ ಯಾವುದು? ಅದು ಹೊಮ್ಮಿಸುವ ಅಲೆಗಳು ಪೈಲಟ್ಟನ ರೇಡಿಯೋವನ್ನು ಕೆಡಿಸುವುದಿಲ್ಲವೇ? ಇದೆಲ್ಲಕ್ಕೂ ನೆಲದ ಮೇಲೇ ಉತ್ತರ ಸಿಗಬೇಕು.

ಆದ್ದರಿಂದ ಈ ವಿದ್ಯೆಯ ಮೊದಲ ಪಾಠ: ಒಂದು ಸಲಕ್ಕೆ ಒಂದೇ ಹೊಸತು. ಬೆಂಗಳೂರಿನ ಜಿಟಿಆರ್‌ಇ ರೂಪಿಸಿದ ಕಾವೇರಿ ಎಂಜಿನ್ನನ್ನು 2010ರ ನವೆಂಬರ್ 3ರಂದು ರಷ್ಯಾದಲ್ಲಿ ಮೊದಲ ಬಾರಿಗೆ ಹಾರಿಸಿದ್ದು ಹೀಗೆಯೇ. ಅದು ಯುದ್ಧವಿಮಾನದ ಎಂಜಿನ್. ಆದರೂ ಅದನ್ನು ಯುದ್ಧವಿಮಾನಕ್ಕೆ ಹಾಕಲಿಲ್ಲ. ನಾಲ್ಕು ಎಂಜಿನ್ನುಗಳ ಐಎಲ್-76 ಎಂಬ ದೊಡ್ಡ ಸರಕು ವಿಮಾನದಲ್ಲಿ ಒಂದನ್ನು ತೆಗೆದು, ಆ ಜಾಗಕ್ಕೆ ಕಾವೇರಿಯನ್ನು ಕೂರಿಸಿದರು. ಅದು ಕೈಕೊಟ್ಟರೂ ಉಳಿದ ಮೂರು ಎಂಜಿನ್ನುಗಳು ಮನೆ ತಲುಪಿಸುತ್ತವೆ.

ಇಷ್ಟೆಲ್ಲ ಎಚ್ಚರವಿದ್ದೂ ಆಕಾಶ ಕೆಲವೊಮ್ಮೆ ಕ್ಷಮಿಸುವುದಿಲ್ಲ. ದೂರದ ಶತ್ರುವಿಮಾನಗಳನ್ನು ಮೇಲಿನಿಂದಲೇ ಪತ್ತೆ ಹಚ್ಚುವ ಯೋಜನೆಯೊಂದನ್ನು ನಮ್ಮ ವಿಜ್ಞಾನಿಗಳು ಕೈಗೆತ್ತಿಕೊಂಡಿದ್ದರು. ಎಚ್‌ಎಎಲ್‌ನ ಕಾನ್ಪುರ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಆವ್ರೊ ವಿಮಾನದ ಬೆನ್ನ ಮೇಲೆ ಕಂಬಗಳನ್ನು ನಿಲ್ಲಿಸಿ, ಅದರ ಮೇಲೆ ತಟ್ಟೆಯಾಕಾರದ, ತಿರುಗುವ ರೇಡಾರ್ ಗುಮ್ಮಟವನ್ನು ಕೂರಿಸಿದರು. ಹೊಣೆ ಹೊತ್ತದ್ದು ಬೆಂಗಳೂರಿನ ‘ಕ್ಯಾಬ್ಸ್’, ಅಂದರೆ ವಾಯುವಾಹಿತ ವ್ಯವಸ್ಥೆಗಳ ಕೇಂದ್ರ. ಆ ವಿಮಾನ ಹಲವು ಸಲ ಹಾರಿ ಕ್ಷೇಮವಾಗಿ ಇಳಿದಿತ್ತು. 1999ರ ಜನವರಿ 11ರಂದು ತಮಿಳುನಾಡಿನ ಅರಕ್ಕೋಣಂ ಬಳಿ ಹಾರಾಟದಲ್ಲಿದ್ದಾಗ ಆ ಗುಮ್ಮಟ ಕಳಚಿತು. ವಿಮಾನ ನೆಲಕ್ಕಪ್ಪಳಿಸಿತು. ವಾಯುಪಡೆಯವರೂ ವಿಜ್ಞಾನಿಗಳೂ ಸೇರಿ ಒಳಗಿದ್ದ ಎಂಟು ಮಂದಿಯೂ ತೀರಿಕೊಂಡರು. ಯೋಜನೆ ನಿಂತುಹೋಯಿತು.

ನಿಂತದ್ದು ಯೋಜನೆ. ಕಲಿಕೆ ನಿಲ್ಲಲಿಲ್ಲ. ಕೆಲವು ವರ್ಷಗಳ ನಂತರ ಅದೇ ಕ್ಯಾಬ್ಸ್ ಮತ್ತೆ ಕೆಲಸಕ್ಕಿಳಿಯಿತು. ಈ ಸಲ ಬ್ರೆಜಿಲ್ ದೇಶದ ಎಂಬ್ರಾಯರ್ ಜೆಟ್ ವಿಮಾನವನ್ನು ಆರಿಸಿಕೊಂಡರು. ತಿರುಗುವ ತಟ್ಟೆಯ ಬದಲು, ಬೆನ್ನುದ್ದಕ್ಕೂ ಹಲಗೆಯಂತೆ ನಿಂತ, ಅಲುಗಾಡದ ಆಂಟೆನಾ. ಅದು ಎರಡು ಪಕ್ಕಗಳಲ್ಲೂ ತಲಾ 120 ಡಿಗ್ರಿ ನೋಡುತ್ತದೆ. ಆ ವಿಮಾನದ ಹಿಂಭಾಗದ ಹೊಟ್ಟೆಯಡಿ ಎರಡು ಚಿಕ್ಕ ರೆಕ್ಕೆಗಳಿವೆ, ಫೋಟೋ ಸಿಕ್ಕರೆ ಗಮನಿಸಿ. ಮೇಲಿನ ಹಲಗೆ ಗಾಳಿಗೆ ಒಡ್ಡುವ ತೊಡಕನ್ನು ಸರಿದೂಗಿಸಿ ವಿಮಾನವನ್ನು ಸ್ಥಿರವಾಗಿಡಲು ಅವು ಬೇಕು. ಬೆನ್ನಿಗೆ ಒಂದು ಸೇರಿಸಿದರೆ ಹೊಟ್ಟೆಗೆ ಎರಡು ಸೇರಿಸಬೇಕಾಯಿತು!

ಇಲ್ಲಿಯೂ ಹಂತಹಂತದ ನಡಿಗೆ. ಮೈಕಟ್ಟನ್ನು ಬದಲಿಸಿದ ವಿಮಾನ 2011ರ ಡಿಸೆಂಬರ್‌ನಲ್ಲಿ ಬ್ರೆಜಿಲ್‌ನಲ್ಲೇ ಹಾರಿತು. 2012ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂತು. ರೇಡಾರ್, ಸಂಪರ್ಕ ಸಾಧನ, ಕಂಪ್ಯೂಟರುಗಳನ್ನೆಲ್ಲ ಇಲ್ಲಿ ಒಂದಕ್ಕೊಂದು ಹೊಂದಿಸಿ, ಹಾರಿಸಿ, ತಿದ್ದಿ, ಮತ್ತೆ ಹಾರಿಸಿದರು. ‘ನೇತ್ರ’ ಎಂಬ ಹೆಸರಿನಿಂದ ಅದು ವಾಯುಪಡೆಯ ಕೈ ಸೇರಿದ್ದು 2017ರ ಫೆಬ್ರುವರಿ 14ರಂದು, ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ. ಬೆಂಗಳೂರಿಗೆ ಬಂದ ಮೇಲೂ ನಾಲ್ಕೂವರೆ ವರ್ಷ ಹಿಡಿಯಿತು. ‘ಇಷ್ಟೊಂದು ತಡವೇಕೆ’ ಎಂದು ಕೇಳುವವರಿಗೆ ಅರಕ್ಕೋಣಂ ನೆನಪಿರಲಿ.

ಈ ಕೆಲಸಕ್ಕೆ ಯಾರು ಬೇಕು? ಏರೋನಾಟಿಕಲ್ ಎಂಜಿನಿಯರುಗಳು ಮಾತ್ರ ಎಂದುಕೊಳ್ಳಬೇಡಿ. ಲೋಹದ ಹಾಳೆಯ ಬಲ ಲೆಕ್ಕ ಹಾಕಲು ಮೆಕ್ಯಾನಿಕಲ್, ಆಂಟೆನಾಕ್ಕೆ ಎಲೆಕ್ಟ್ರಾನಿಕ್ಸ್, ತಂತ್ರಾಂಶಕ್ಕೆ ಕಂಪ್ಯೂಟರ್ ಸೈನ್ಸ್ ಓದಿದವರು ಬೇಕು. ಮೈಲಿಗಟ್ಟಲೆ ತಂತಿಯಲ್ಲಿ ಒಂದು ತುದಿಯೂ ತಪ್ಪದಂತೆ ಜೋಡಿಸಲು ಐಟಿಐ, ಡಿಪ್ಲೊಮಾ ಕಲಿತ ಪಳಗಿದ ಕೈಗಳು ಬೇಕು. ಪರೀಕ್ಷಾ ಪೈಲಟ್ಟುಗಳನ್ನೂ ಹಾರಾಟ ಪರೀಕ್ಷಾ ಎಂಜಿನಿಯರುಗಳನ್ನೂ ತಯಾರು ಮಾಡುವ ವಾಯುಪಡೆಯ ಶಾಲೆ ಬೆಂಗಳೂರಿನಲ್ಲೇ ಇದೆ. ಅಂಥ ಶಾಲೆಗಳು ಪ್ರಪಂಚದಲ್ಲೇ ಬೆರಳೆಣಿಕೆಯಷ್ಟು.

ಪಾಲಕರಿಗೂ ಒಂದು ಮಾತು. ಮಕ್ಕಳು ಲೆಕ್ಕ ಮಾಡಿ ಮುಗಿಸಿದ ಮೇಲೆ ಮತ್ತೊಮ್ಮೆ ತಾಳೆ ನೋಡುತ್ತ ಕುಳಿತರೆ, ‘ಎಷ್ಟು ನಿಧಾನ ನೀನು’ ಎಂದು ಗದರಬೇಡಿ. ಹಾರಾಟ ಪರೀಕ್ಷೆಯ ಜಗತ್ತಿನಲ್ಲಿ ಎಲ್ಲರೂ ಹೊರಡಲು ತಯಾರಾಗಿ ನಿಂತಾಗ, ಹವೆಯೂ ಚೆನ್ನಾಗಿರುವಾಗ, ‘ಈ ಒಂದು ಅಂಕಿ ಯಾಕೋ ತಾಳೆಯಾಗುತ್ತಿಲ್ಲ. ಇವತ್ತು ಬೇಡ’ ಎಂದು ಹೇಳುವವರು ಒಬ್ಬರಾದರೂ ಬೇಕು. ಆ ಧೈರ್ಯ ಕಾಕ್‌ಪಿಟ್ಟಿನಲ್ಲಿ ಕೂರುವ ಧೈರ್ಯಕ್ಕಿಂತ ಕಡಿಮೆಯದಲ್ಲ.